ಎದುರಿನ ಕಟ್ಟೆಯ ಕಂಪ್ಯೂಟರ್

ಆಳಂದದಲ್ಲಿ ತೊಗರಿಯ ಅಡತಿ, ಅಂದರೆ ದಲ್ಲಾಳಿ ಅಂಗಡಿ ಇಟ್ಟಿದ್ದ ಅಮರನಾಥನಿಗೆ ಬಿ.ಪಿ. ಇರಲಿಲ್ಲ, ಶುಗರ್ ಇರಲಿಲ್ಲ. ಇದ್ದ ರೋಗ ಒಂದೇ, ಅದೂ ಮೈಯೊಳಗಲ್ಲ, ರಸ್ತೆಯ ಆಚೆಗೆ: ಯಾಸೀನನ ಸಿಮೆಂಟು ಅಂಗಡಿಯ ಕಟ್ಟೆ.

ಮೊದಲೆಲ್ಲ ಓಣಿಯ ವ್ಯಾಪಾರಸ್ಥರು ಬೆಳಿಗ್ಗೆ ಬಂದು ಕೂಡುತ್ತಿದ್ದದ್ದು ಅಮರನಾಥನ ಕಟ್ಟೆಯ ಮೇಲೆ. ಅವನ ಕಂಪ್ಯೂಟರಿನಲ್ಲಿ ಕಲಬುರಗಿಯ ತೊಗರಿ ದರ ನೋಡುವುದು, ನೋಡಿ ನಿಟ್ಟುಸಿರು ಬಿಡುವುದು, ಬಿಟ್ಟ ಮೇಲೆ ಚಹಾ ಕುಡಿಯುವುದು. ಚಹಾಕ್ಕೆ ಹಿರಿಯರ ಕಾಲದಿಂದ ಬಂದ ಒಂದು ಕಾಯಿದೆ ಇತ್ತು: ದರ ಯಾರು ಹೇಳಿದರೋ ಚಹಾದ ಖರ್ಚು ಅವರದು. (ಇದು ನಷ್ಟದ ಬಾಬತ್ತೆಂದು ತಿಳಿಯುವವರು ವ್ಯಾಪಾರಸ್ಥರೇ ಅಲ್ಲ.) ಮಂದಿಯ ನಡುವೆ ಕೂತು, ಕೈ ಮೇಲೆತ್ತಿ, ಹೋಟೆಲಿನ ಕಡೆ "ಚಹಾ ಕಳಸ್ರಲೇ!" ಎಂದು ಕೂಗುವ ಗತ್ತು ಯಾವ ಮಾರುಕಟ್ಟೆಯಲ್ಲೂ ಸಿಗುವ ಮಾಲಲ್ಲ.

ಆದರೆ ಅಮರನಾಥನ ಕಂಪ್ಯೂಟರಿಗೆ ಮಂದಿಯನ್ನು ಕಂಡರೆ ನಾಚಿಕೆ. ಸರಿಯಾಗಿ ದರ ನೋಡುವ ಹೊತ್ತಿಗೆ "ಅಪ್‌ಡೇಟ್ ಆಗುತ್ತಿದೆ" ಎಂದು ಚಕ್ರ ತಿರುಗಿಸುತ್ತ ಕೂಡುವುದು. ಒಂದು ದಿನ ಹಿರಿಯ ವ್ಯಾಪಾರಿ ದೊಡ್ಡಪ್ಪ ಎದ್ದು ಧೋತರ ಝಾಡಿಸಿಕೊಂಡು, "ಅಮರಪ್ಪ, ನಿನ್ನ ಚಕ್ರ ನಿಂತ ಮ್ಯಾಲ ಹೇಳಿ ಕಳಸು" ಎಂದವನೇ ರಸ್ತೆ ದಾಟಿದ. ಅವನ ಹಿಂದೆ ಕಟ್ಟೆಗೆ ಕಟ್ಟೆಯೇ ದಾಟಿತು. ಯಾಸೀನನ ಕಂಪ್ಯೂಟರ್ ರಂಜಾನಿನಲ್ಲಿ ಚಾಲೂ ಆದದ್ದು ಬಕ್ರೀದ್ ಕಳೆದರೂ ಒಮ್ಮೆಯೂ ಮುನಿಸಿಕೊಂಡಿರಲಿಲ್ಲ.

"ಏ ವಿಜಯಾ, ನೀ ಜಸ್ಮೀನ ಸಂಗಡ ದಿನಾ ಮಾತಾಡ್ತಿ. ಆಕಿ ಗಂಡ ಯಾಸೀನನ ಮಷಿನ್ನಿನಾಗ ಏನದ ಅಂತ ಜರಾ ಕೇಳು."

"ನೀವ ಕೇಳ್ರಿ. ರಸ್ತಾ ದಾಟಿದ್ರ ಅಂಗಡಿ" ಎಂದಳು ಹೆಂಡತಿ ವಿಜಯಶ್ರೀ.

"ನಾ ಕೇಳಿದ್ರ ನಂಗ ಬೇಕಾಗ್ಯದ ಅಂತ ತಿಳಕೋತಾನ."

"ಬೇಕಾಗಿಲ್ಲೇನು?"

"ಬೇಕಾಗ್ಯದ. ಅದಕ್ಕ ಕೇಳಂಗಿಲ್ಲ."

ವಿಜಯಶ್ರೀ ಹೋಗಿ ಸುದ್ದಿ ತಂದಳು. "ದೊಡ್ಡ ದೊಡ್ಡ ಆಫೀಸಿನಾಗ ಹಗಲೂ ರಾತ್ರಿ ದುಡಿಯೋ ಮಷಿನ್ ಇರ್ತಾವಂತ, ಸರ್ವರ್ ಅಂತಾರಂತ. ಅವಕ್ಕ ಹಾಕೋ ಸಾಫ್ಟ್‌ವೇರ್ ಅದು. ಜಸ್ಮೀನಳ ತಮ್ಮ ಅರ್ಫಾತ ಅದನ್ನ ಅಂಗಡಿ ಕಂಪ್ಯೂಟರಿಗೇ ಹಾಕ್ಯಾನ. ಯಾರ ಬೇಕಾದ್ರೂ ಹಾಕೋಬಹುದಂತ, ಪುಕ್ಕಟ."

ಯಾಸೀನ ಲಕ್ಷ ಸುರಿದು ತಂದಿದ್ದರೆ ಅಮರನಾಥ ಸಹಿಸಿಕೊಳ್ಳುತ್ತಿದ್ದ. ಪುಕ್ಕಟೆ ಎಂದದ್ದನ್ನು ಮಾತ್ರ ತಾಳಲಾಗಲಿಲ್ಲ. ಆವತ್ತೇ ಕಲಬುರಗಿಯಿಂದ ಕಂಪ್ಯೂಟರ್ ರಿಪೇರಿಯ ಅಂಬಾರಾಯನನ್ನು ಕರೆಸಿ, ತನಗೂ ಅದನ್ನೇ ಹಾಕೆಂದ.

"ಸಾವಕಾರ್ರ, ಸರ್ವರ್ ಅಂದ್ರ ಮಂದಿಗೆ ಬಡಿಸಾಕ ಮಾಡಿದ್ದು, ತಾನು ಕುಂತು ಉಣ್ಣಾಕಲ್ಲ" ಎಂದು ಅಂಬಾರಾಯ ತಿಳಿಹೇಳಿದ. "ಮೇಜಿನ ಮ್ಯಾಲ ಇಡೂದಿದ್ರ ಚಿತ್ರ, ಹಾಡು, ಮೌಸು ಎಲ್ಲಾ ಬ್ಯಾರೆ ಕೂಡಿಸಬೇಕಾಗ್ತದ. ಯಾಸೀನ ಅವರದಕ್ಕ ಕೂಡಿಸ್ಯಾರ."

"ಅಂದ್ರ ಯಾಸೀನಂದು ಕಲಬೆರಕಿ!"

"ಕಲಬೆರಕಿ ಅಲ್ರಿ, ಅದು..."

"ತೊಗರಿಯಾಗ ಕಲ್ಲು ಕೂಡಿಸಿದ್ರ ಏನಂತಾರ? ನಮ್ಮದು ಮೂರು ತಲಿಯಿಂದ ಅಸಲಿ ಮಾಲಿನ ಅಡತಿ. ನಂಗ ಅಸಲಿ ಹಾಕು. ಏನೂ ಕೂಡಿಸಬ್ಯಾಡ!"

ಅಂಬಾರಾಯ ಅಸಲಿಯನ್ನೇ ಹಾಕಿದ. ಪಾಪ ಅನಿಸಿರಬೇಕು, ಹೋಗುವಾಗ ಹೇಳಿದ: "ತೊಗರಿ ದರ ತಾನ ತಂದಿಟ್ಟುಕೊಳ್ಳೋಹಂಗ ಮಾಡೇನ್ರಿ. ಓಣಿಯವರು ಎಲ್ಲಾರೂ ನೋಡ್ತಾರ." ಎಲ್ಲರೂ ನೋಡುತ್ತಾರೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅಮರನಾಥ ಹಿಗ್ಗಿದ, ಎಲ್ಲಿ ಕೂತು ನೋಡುತ್ತಾರೆಂದು ಕೇಳಲಿಲ್ಲ. ಅಂಬಾರಾಯ ಓಣಿಯವರ ಮೊಬೈಲುಗಳಿಗೆಲ್ಲ ಅದರ ವಿಳಾಸ ಹಾಕಿಕೊಟ್ಟು ಬಸ್ಸು ಹತ್ತಿದ.

ಪರದೆ ಕಪ್ಪಗೆ ಕೂತಿತ್ತು. ಮೂಲೆಯಲ್ಲಿ ಒಂದು ಬಿಳಿ ಗೆರೆ ಮಾತ್ರ ಮಿಟುಕುತ್ತಿತ್ತು.

"ನಿಂಬರ್ಗಾದ ತಂಗಿ ಸಂಗಡ ಇದರಾಗ ಮಾರಿ ನೋಡಿ ಮಾತಾಡ್ತಿದ್ದೆ" ಎಂದಳು ವಿಜಯಶ್ರೀ. "ಇನ್ನ ಈ ಕಡ್ಡಿ ಸಂಗಡ ಮಾತಾಡ್ಲೇನು?"

"ಅಸಲಿ ಮಾಲ್ ಹಿಂಗ ಇರ್ತದ. ಬಂಗಾರದ ಗಟ್ಟಿಗೆ ನಕ್ಷಿ ಇರ್ತದೇನು?"

"ಗಟ್ಟಿ ಕೊರಳಾಗ ಹಾಕ್ಕೊಳ್ಳಾಕೂ ಬರಂಗಿಲ್ಲ ಬಿಡ್ರಿ" ಎಂದು ಆಕೆ ಸೆರಗು ಕೊಡವಿ ಜಸ್ಮೀನಳ ಮನೆಗೆ ನಡೆದಳು.

ಮರುದಿನ ಬೆಳಿಗ್ಗೆ ಅಮರನಾಥ ಕಟ್ಟೆ ತೊಳೆಸಿ, ಜಮಖಾನೆ ಹಾಸಿ, ಇಸ್ತ್ರಿ ಅಂಗಿ ತೊಟ್ಟು ಕೂತ. ಯಾರೂ ಬರಲಿಲ್ಲ. ಎದುರಿನ ಕಟ್ಟೆಯ ಮೇಲೆ ತಲೆಗಳೆಲ್ಲ ಮೊಬೈಲಿನ ಮೇಲೆ ಬಾಗಿದ್ದವು. ಸ್ವಲ್ಪ ಹೊತ್ತಿಗೆ ದೊಡ್ಡಪ್ಪನ ಕೂಗು ರಸ್ತೆ ದಾಟಿ ಬಂತು.

"ಏ ಅಮರಪ್ಪಾ! ಏನ್ ಮಷಿನ್ ಮಾಡ್ಸೀಯೋ ಮಾರಾಯಾ! ಕುಂತಲ್ಲೇ ದರ ಬಂತು!"

ಅಮರನಾಥನ ಎದೆ ಉಬ್ಬಿತು. "ಹಂಗಾದ್ರ ಈ ಕಡಿ ಬರ್ರಿ!"

"ಯಾಕ? ಇಲ್ಲೇ ಕಾಣಾಕತ್ತದ. ನೆರಳೂ ಅದ, ಯಾಸೀನನ ಮಷಿನ್ನಿನಾಗ ಹಾಡೂ ಅದ."

ಯಾಸೀನ ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟ. "ಅಣ್ಣಾರ, ಖರೇ ಹೇಳ್ತೇನಿ, ನಿಮ್ಮ ಮಷಿನ್ ಕಂಡು ನಂಗ ಹೊಟ್ಟಿಕಿಚ್ಚು ಆಗಾಕತ್ತದ. ನಂದು ನನ್ನ ಅಂಗಡಿಗಷ್ಟ ದುಡೀತದ. ನಿಮ್ಮದು ಓಣಿಗೆಲ್ಲಾ ದುಡೀತದ!"

ಈ ಮಾತನ್ನು ಯಾಸೀನನ ಬಾಯಿಂದಲೇ ಕೇಳಬೇಕೆಂದು ಅಮರನಾಥ ಎಷ್ಟು ದಿನ ಹಾತೊರೆದಿದ್ದ! ಈಗ ಕೇಳಿದರೆ ಸಕ್ಕರೆ ಮರೆತ ಚಹಾದಂತಿತ್ತು.

ಚಹಾ ನೆನಪಾದದ್ದು ಅವನೊಬ್ಬನಿಗೇ ಅಲ್ಲ. "ಕಾಯಿದಿ ಮರತೀಯೇನೋ?" ಎಂದ ದೊಡ್ಡಪ್ಪ. "ದರ ಹೇಳಿದ್ದು ನಿನ್ನ ಮಷಿನ್."

ಬಿಕೋ ಎನ್ನುವ ಕಟ್ಟೆಯ ಮೇಲೆ ಒಬ್ಬನೇ ಕೂತು ಅಮರನಾಥ ಕೈ ಮೇಲೆತ್ತಿ ಕೂಗಿದ: "ಚಹಾ ಕಳಸ್ರಲೇ!" ಚಹಾದ ತಾಟು ಅವನ ಜಮಖಾನೆಯ ಮುಂದೆಯೇ ಹಾದು ಎದುರಿಗೆ ಹೋಯಿತು. ಯಾಸೀನನ ಅಂಗಡಿಯ ಹಿಂದಿನ ಮನೆಯೊಳಗಿಂದ ವಿಜಯಶ್ರೀ ಕೂಗಿದಳು: "ಏನ್ರಿ, ನಂಗೂ ಜಸ್ಮೀನಗೂ ಹೇಳ್ರಿ! ಶುಂಠಿ ಹಾಕಸ್ರಿ!"

ತನ್ನ ಪಾಲಿನ ಕಪ್ಪಾದರೂ ಕುಡಿಯೋಣವೆಂದು ಅಮರನಾಥ ಚಪ್ಪಲಿ ಮೆಟ್ಟಿ ರಸ್ತೆಗಿಳಿದ. ದೊಡ್ಡಪ್ಪ ಅಂಗೈ ಅಡ್ಡ ಹಿಡಿದ.

"ನೀ ಎಲ್ಲಿ ಬರ್ತಿಯೋ? ಅಲ್ಲೇ ಕೂಡು. ಕರೆಂಟ್ ಹೋದ್ರ ಇನ್ವರ್ಟರ್ ಹಾಕಾವ್ರು ಯಾರು?"

ಅಮರನಾಥ ತಿರುಗಿ ಬಂದು ಕೂತ. ಕಪ್ಪು ಪರದೆಯ ಮೂಲೆಯಲ್ಲಿ ಬಿಳಿ ಗೆರೆ ಅವನತ್ತ ಕಣ್ಣು ಮಿಟುಕಿಸಿತು.