ಬಾಗಿಲ ಆಚೆಯ ವೈದ್ಯರು

ನಮ್ಮ ಮಾವನವರು ಯಾವ ವೈದ್ಯರೂ ಮಾಡದ ಸಾಧನೆಯೊಂದನ್ನು ಮಾಡಿದವರು. ಒಂದು ಗಾಯದ ಕಲೆಗೆ ತಿಂಗಳುಗಟ್ಟಲೆ ಮದ್ದು ಮಾಡಿದರು, ಆ ಕಲೆಯನ್ನು ಒಮ್ಮೆಯೂ ಕಣ್ಣಿಂದ ನೋಡದೆ! ನೋಡುವುದಾದರೂ ಹೇಗೆ? ಅದು ಇದ್ದದ್ದು ಸೊಸೆಯ ಹೊಟ್ಟೆಯ ಮೇಲೆ. ಆ ನತದೃಷ್ಟ ಸೊಸೆ ನಾನೇ.

ಎಪ್ಪತ್ತರ ದಶಕದ ಮಾತು. ಮದುವೆಯಾಗಿ ವರ್ಷ ತುಂಬುವ ಮೊದಲೇ ನನ್ನ ಅಪೆಂಡಿಕ್ಸ್ ಕೈಕೊಟ್ಟಿತು. ಆಪರೇಷನ್ ಆಯಿತು, ಹೊಲಿಗೆ ಬಿಚ್ಚಿದರು, ಸ್ವಲ್ಪ ದಿನ ಬಿಟ್ಟು ಕೆಲಸಕ್ಕೆ ಹೋಗಬಹುದೆಂದು ಡಾಕ್ಟರೂ ಹೇಳಿದರು. ನಾನು ರಾಜಾಜಿನಗರದ ಶಾಲೆಯೊಂದರಲ್ಲಿ ಟೀಚರು, ದಿನಾ ಬಸ್ಸಿನಲ್ಲೇ ಓಡಾಟ, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ರಜ ಹೆಚ್ಚಾದರೆ ಕೆಲಸಕ್ಕೇ ಸಂಚಕಾರ. ಆದರೆ ಆರ್‌ಪಿಸಿ ಲೇಔಟ್‌ನ ನಮ್ಮ ಬಾಡಿಗೆ ಮನೆಯಲ್ಲಿ ಡಾಕ್ಟರಿಗಿಂತ ದೊಡ್ಡ ಡಾಕ್ಟರೊಬ್ಬರಿದ್ದರಲ್ಲ! "ಕಲೆ ಪೂರ್ತಿ ಮಾಯೋ ತನಕ ಆಕೆ ಕೆಲಸಕ್ಕೆ ಹೋಗಂಗಿಲ್ಲ. ಹರಿದ ಬಟ್ಟೆ ಹೊಲಿದ ಮಾತ್ರಕ್ಕೆ ಹೊಸದಾಗ್ತೈತೇನು?" ಎಂದು ಮಾವನವರು ತೀರ್ಪು ಕೊಟ್ಟರು. ದಾವಣಗೆರೆಯಲ್ಲಿ ಜವಳಿ ಅಂಗಡಿ ಇಟ್ಟು ಬಾಳಿದವರು, ವಯಸ್ಸಾಯಿತೆಂದು ಅಂಗಡಿ ಮುಚ್ಚಿ ಮಗನ ಮನೆಗೆ ಬಂದಿದ್ದರು. ಮಗ, ಅಂದರೆ ನನ್ನ ಗಂಡ, "ಅಪ್ಪಾಜಿ ಹೇಳಿದ್ಮೇಲೆ ಮುಗೀತಲ್ಲ" ಎಂದು ಟಿಫನ್ ಡಬ್ಬಿ ಹಿಡಿದು ಆಫೀಸಿಗೆ ಪರಾರಿ.

ನಾನೇ ಮಾವನವರ ಹತ್ತಿರ ವಾದ ಮಾಡೋಣವೆಂದರೆ ಅದಕ್ಕೂ ದಾರಿ ಇರಲಿಲ್ಲ. ಆ ಮನೆಯ ರೂಢಿಯಲ್ಲಿ ಮಾವ ಸೊಸೆಯ ಜತೆ ನೇರವಾಗಿ ಮಾತಾಡುವ ಹಾಗಿಲ್ಲ. ಏನಿದ್ದರೂ ನಡುವೆ ನಿಂತ ಅತ್ತೆಯ ಮೂಲಕವೇ ಹೋಗಬೇಕು, ಬರಬೇಕು.

ಚಿಕಿತ್ಸೆ ಬೆಳಗಿನ ಪೂಜೆ ಮುಗಿದ ಕೂಡಲೇ. ನಾನು ರೂಮಿನಲ್ಲಿ ಮಲಗಬೇಕು, ಅತ್ತೆ ಬಟ್ಟಲು ಹಿಡಿದು ಪಕ್ಕದಲ್ಲಿ ಕೂರಬೇಕು. ಬಾಗಿಲು ಮುಚ್ಚಿರುತ್ತದೆ. ಬಾಗಿಲ ಆಚೆ ಕುರ್ಚಿ ಹಾಕಿಕೊಂಡು ಹಣೆಯ ತುಂಬ ವಿಭೂತಿ ಧರಿಸಿದ ವೈದ್ಯರು!

"ಹಚ್ಚಿದ್ಯಾ?"

"ಹಚ್ಚಿದೆ."

"ಎಡದಿಂದ ಬಲಕ್ಕೋ, ಬಲದಿಂದ ಎಡಕ್ಕೋ?"

"ನನ್ನ ಕೈ ಹೆಂಗೆ ಬರ್ತೈತೋ ಹಂಗೆ."

"ಬಣ್ಣ ಹೆಂಗೈತಿ?"

ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿ, "ಬದನೆಕಾಯಿ ಬಣ್ಣ" ಎಂದರು.

"ಯಾವ ಬದನೆಕಾಯಿ? ಬದನೆಕಾಯಿ ಬಣ್ಣದಾಗೆ ಎಷ್ಟು ಥರ ಅದಾವೆ ಗೊತ್ತೈತೇನು ನಿನಗೆ?"

ಮರುದಿನ ಬಾಗಿಲ ಕೆಳಗಿನ ಸಂದಿಯಿಂದ ಬಟ್ಟೆಯ ಚೂರುಗಳು ಒಂದೊಂದಾಗಿ ಒಳಗೆ ತೂರಿ ಬಂದವು. ಕಡುಕೆಂಪು, ನೇರಳೆ, ಗುಲಾಬಿ, ತಿಳಿಗುಲಾಬಿ, ಕೆನೆಬಣ್ಣ. ಅಂಗಡಿಯಿಂದ ಉಳಿಸಿ ತಂದಿದ್ದ ಸ್ಯಾಂಪಲ್‌ಗಳು! ಹೊಟ್ಟೆಯ ಪಕ್ಕ ಒಂದೊಂದನ್ನೇ ಇಟ್ಟು, ಸರಿಹೊಂದಿದ ಚೂರನ್ನು ಅದೇ ಸಂದಿಯಿಂದ ಆಚೆಗೆ ತಳ್ಳಬೇಕಂತೆ. ಸೀರೆಗೆ ರವಿಕೆ ಕಣ ಮ್ಯಾಚಿಂಗ್ ನೋಡುವುದನ್ನು ಕೇಳಿದ್ದೇನೆ, ಹೊಟ್ಟೆಗೆ ಮ್ಯಾಚಿಂಗ್ ನೋಡಿದ್ದನ್ನು ನೀವೆಲ್ಲಾದರೂ ಕೇಳಿದ್ದೀರಾ?

ಮದ್ದುಗಳೋ, ವಾರಕ್ಕೊಂದು ಬಗೆ. ಈರುಳ್ಳಿ ರಸದ ಸರದಿ ಬಂದಾಗ ಪಕ್ಕದ ಮನೆಯ ಆಂಟಿ ಕಾಂಪೌಂಡಿನ ಆಚೆಯಿಂದ, "ಏನ್ರೀ, ದಿನಾ ನಿಮ್ಮನೇಲಿ ಪಲಾವಾ?" ಎಂದು ಕೇಳಿದರು. ಜೇನುತುಪ್ಪದ ಸರದಿಯಲ್ಲಿ ಇರುವೆಗಳು ಸಾಲುಗಟ್ಟಿ ನನ್ನ ಹಾಸಿಗೆಗೇ ಬಂದವು. ನಾನು ಕೂಗಿಕೊಂಡರೆ ಬಾಗಿಲ ಆಚೆಯಿಂದ ಸಂತೋಷದ ದನಿ: "ಇರುವೆ ಬಂದ್ವಾ? ಹಂಗಾರೆ ಜೇನು ಅಸಲಿ ಐತಿ ಬಿಡು!"

ಲೋಳೆಸರದ ಕಥೆಯಂತೂ ಬೀದಿಗೇ ಬಂತು. ಆಗ ನಮ್ಮ ಸುತ್ತಮುತ್ತ ಎಲ್ಲಿ ನೋಡಿದರೂ ಹೊಸ ಮನೆಗಳು ಏಳುತ್ತಿದ್ದವು. ದೃಷ್ಟಿಯಾಗದಿರಲೆಂದು ಪ್ರತಿ ಮನೆಯ ಮುಂದೂ ಲೋಳೆಸರದ ಗಿಡವನ್ನು ಬುಡಮೇಲಾಗಿ ನೇತುಹಾಕಿರುತ್ತಿದ್ದರು. ಮಾವನವರು ವಾಕಿಂಗ್ ಹೋದಾಗಲೆಲ್ಲ ಒಂದೊಂದು ಮನೆಯದರಲ್ಲಿ ಒಂದೊಂದು ಎಸಳು ಮುರಿದು ತರತೊಡಗಿದರು. ಒಂದು ದಿನ ಮನೆಯ ಯಜಮಾನರೊಬ್ಬರು ಕೈಯಲ್ಲಿ ಬೋಳು ಗಿಡ ಹಿಡಿದು ಬಂದೇಬಿಟ್ಟರು.

"ಏನ್ ಸಾರ್ ಇದು, ದೃಷ್ಟಿಗೆ ಅಂತ ಕಟ್ಟಿದ್ದನ್ನ ಕಿತ್ಕೊಂಡು ಹೋಗ್ತೀರಲ್ಲ!"

"ಸೊಸೆ ಹೊಟ್ಟೆಗೆ ಹಚ್ಚಾಕೆ ಬೇಕಾಗಿತ್ತು, ಸ್ವಾಮಿ."

ಆ ಮನುಷ್ಯ ಹೌಹಾರಿದರು. "ಅಯ್ಯೋ! ಊರೋರ ಕಣ್ಣೆಲ್ಲಾ ಬಿದ್ದಿರೋದು ಅದರ ಮೇಲೇ ಅಲ್ವಾ? ಅದನ್ನ ತಗೊಂಡೋಗಿ ಹೆಣ್ಮಗಳ ಹೊಟ್ಟೆಗೆ ಬಳಿದ್ರಾ?"

ಮಾವನವರ ಮುಖ ಬಿಳುಚಿಕೊಂಡಿತು. ಅಂದು ಸಂಜೆಯಿಂದ ಮದ್ದಿನ ಜತೆಗೆ ಉಪ್ಪು ಮೆಣಸಿನಕಾಯಿ ನಿವಾಳಿಸುವುದೂ ಸೇರಿಕೊಂಡಿತು. ಇಡೀ ಬಡಾವಣೆಯ ದೃಷ್ಟಿ ತೆಗೆಯಬೇಕಲ್ಲ! ಘಾಟಿಗೆ ನಾನು ಕೆಮ್ಮಿ ಕೆಮ್ಮಿ, ಇದ್ದ ಹೊಲಿಗೆಯ ಜಾಗವೂ ಬಿಚ್ಚಿಹೋಗುವಂತಾಯಿತು.

ಇನ್ನು ತಡೆಯಲಾಗದೆ ನಾನೂ ಅತ್ತೆಯೂ ಒಂದು ಉಪಾಯ ಹೂಡಿದೆವು. ವಾರ ವಾರಕ್ಕೂ ತಿಳಿಯಾದ ಬಣ್ಣದ ಚೂರನ್ನೇ ಆಚೆಗೆ ತಳ್ಳುವುದು! ನೇರಳೆ ಹೋಗಿ ಗುಲಾಬಿಯಾಯಿತು, ಗುಲಾಬಿ ತಿಳಿಗುಲಾಬಿಯಾಯಿತು. ಕೊನೆಗೆ ಕೆನೆಬಣ್ಣವನ್ನು ತಳ್ಳಿ, ಬಿಡುಗಡೆಯಾಯಿತೆಂದು ನಾನು ಉಸಿರು ಬಿಟ್ಟೆ. ಆಚೆಯಿಂದ ಕುರ್ಚಿ ಸರಿದ ಸದ್ದು, ಜತೆಗೆ ಉತ್ಸಾಹದ ಮಾತು: "ನೋಡಿದ್ಯಾ ನನ್ನ ಕೈಗುಣ! ಇಷ್ಟು ಚೊಲೋ ಗುಣ ಕಾಣ್ತಿರಬೇಕಾದ್ರೆ ಮದ್ದು ನಿಲ್ಲಿಸಬಾರದು. ಇನ್ನೊಂದು ತಿಂಗಳು ಆಗ್ಲಿ!"

ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಚಚ್ಚಿಕೊಳ್ಳಲಿಲ್ಲ, ಅದಕ್ಕೂ ಮದ್ದು ಹಚ್ಚಿಯಾರು!

ಆ ಶನಿವಾರ ನಮ್ಮ ಶಾಲೆಯ ಗೆಳತಿಯೊಬ್ಬಳು ಮನೆಗೆ ಬಂದು, "ಸೋಮವಾರ ನೀನು ಬರ್ಲಿಲ್ಲಾಂದ್ರೆ ಹೆಡ್‌ಮಿಸ್ ಬೇರೆಯವರನ್ನ ತಗೋತಾರಂತೆ ಕಣೇ" ಎಂದು ಹೇಳಿ ಹೋದಳು. ರಾತ್ರಿ ಊಟದ ಹೊತ್ತಿಗೆ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಮಾವನವರು ತಟ್ಟೆಯ ಮುಂದೆ. ನಡುವೆ ಸೌಟು ಹಿಡಿದ ಅತ್ತೆ.

"ಅತ್ತೆ, ಸೋಮವಾರ ನಾನು ಕೆಲಸಕ್ಕೆ ಹೋಗ್ತೀನಿ ಅಂತ ಹೇಳಿ."

"ಇನ್ನೂ ಒಂದು ತಿಂಗಳ ಮದ್ದು ಐತಿ ಅಂತ ಹೇಳು."

"ನೌಕರಿ ಹೋದ್ರೆ ಅದಕ್ಕೆ ಯಾವ ಮದ್ದು ಹಚ್ತಾರೆ ಅಂತ ಕೇಳಿ."

"ಆ ಬಸ್ಸಿನಾಗೆ ಮನುಷ್ಯರು ಹೋಗ್ತಾರೇನು ಅಂತ ಕೇಳು."

"ನಾನು ದಿನಾ ಅದರಲ್ಲೇ ನಿಂತ್ಕೊಂಡು ಹೋಗ್ತಿದ್ದೆ ಅಂತ ಹೇಳಿ!"

ಅತ್ತೆ ಸೌಟನ್ನು ಠಪ್ಪನೆ ಇಟ್ಟರು. "ಇಬ್ಬರಿಗೂ ಬಾಯಿ ಐತಿ, ಇಬ್ಬರಿಗೂ ಕಿವಿ ಐತಿ. ನನ್ನ ಗಂಟಲು ಒಣಗಿಹೋತು!" ಎಂದು ಹಿತ್ತಲಿಗೆ ನಡೆದುಬಿಟ್ಟರು. ಮಧ್ಯಸ್ಥರೇ ಎದ್ದುಹೋದ ಮೇಲೆ ಮಾತುಕತೆ ಮುಂದುವರಿಯುವುದೆಲ್ಲಿಂದ ಬಂತು? ಮಾವನವರು ಅರ್ಧ ಊಟಕ್ಕೇ ಕೈ ತೊಳೆದುಕೊಂಡರು.

ಸೋಮವಾರ ನಾನು ಸೀರೆ ಉಟ್ಟು ಸಿದ್ಧಳಾಗಿ ಬಂದರೆ ಕುರ್ಚಿ ಖಾಲಿ. ಪೂಜೆಯನ್ನೂ ಬೇಗ ಮುಗಿಸಿ, ಕಾಫಿಯನ್ನೂ ಕುಡಿಯದೆ ಎದ್ದು ಹೋದರೆಂದು ಅತ್ತೆ ಹೇಳಿದರು. ನನ್ನ ಮುಖ ನೋಡಲೂ ಇಷ್ಟವಿಲ್ಲದಷ್ಟು ಕೋಪವೇ? ಇರಲಿ, ನನಗೇನು ಕಮ್ಮಿ ಕೋಪವೇ! ದಡದಡ ನಡೆದು ಸ್ಟಾಪಿಗೆ ಹೋದೆ.

ಬಸ್ಸು ಬಂತು. ಎಂದಿನಂತೆ ಬಾಗಿಲಿನವರೆಗೂ ಜನ. ಹೇಗೋ ಮುಂದಿನಿಂದ ಹತ್ತಿ ಒಳಗೆ ತೂರಿಕೊಂಡರೆ, ಹೆಂಗಸರ ಸೀಟುಗಳ ಹತ್ತಿರ ದೊಡ್ಡ ಗಲಾಟೆ. "ಇಷ್ಟು ವಯಸ್ಸಾಗಿದೆ, ವಿಭೂತಿ ಬೇರೆ ಹಚ್ಕೊಂಡಿದ್ದೀರ, ಲೇಡೀಸ್ ಸೀಟಲ್ಲಿ ಕೂತಿದ್ದೀರಲ್ಲ, ಏಳ್ರೀ!" ಎಂದು ಹೆಂಗಸೊಬ್ಬರು ಬೈಯುತ್ತಿದ್ದರು. ಕಂಡಕ್ಟರೂ ದನಿಗೂಡಿಸಿದ್ದ. ಬೈಸಿಕೊಳ್ಳುತ್ತಿದ್ದವರು ತಲೆ ತಗ್ಗಿಸಿ, ಎರಡೂ ಕೈಯಲ್ಲಿ ಮುಂದಿನ ಸೀಟಿನ ಕಂಬಿಯನ್ನು ಭದ್ರವಾಗಿ ಹಿಡಿದು ಕೂತಿದ್ದರು. ನಮ್ಮ ಮಾವನವರು! ಬಸ್ಸು ಹೊರಡುವ ಜಾಗದವರೆಗೂ ನಡೆದು ಹೋಗಿ ಹತ್ತಿ, ಸೀಟು ಹಿಡಿದು, ಅಲ್ಲಿಂದ ಇಲ್ಲಿಯವರೆಗೂ ಬೈಸಿಕೊಂಡು ಬಂದಿದ್ದರು.

ನನ್ನನ್ನು ಕಂಡದ್ದೇ ಎದ್ದು ನಿಂತರು. ಬಸ್ಸಿನಲ್ಲಿ ಅತ್ತೆ ಇರಲಿಲ್ಲ. ನೆಲ ನೋಡುತ್ತಲೇ ಹೇಳಿದರು: "ಕಿಟಕಿ ಕಡೆ ಕೂತ್ಕೋ ತಾಯಿ. ಮೇಲೆ ಮಾಯ್ದರೂ ಒಳಗೆ ಇನ್ನೂ ಹಸಿ ಇರ್ತೈತಿ. ಯಾರದಾದ್ರೂ ಮೊಣಕೈ ತಗುಲಿದ್ರೆ ನೋಯ್ತೈತಿ."

ಕೂತೆ. ಬೈದ ಹೆಂಗಸು ತಾವೇ ಸರಿದು ಅವರಿಗೆ ನಿಲ್ಲಲು ಜಾಗ ಮಾಡಿಕೊಟ್ಟರು. ಅಷ್ಟು ದಿನ ಬಾಗಿಲ ಆಚೆ ಕೂತು ಬಣ್ಣ ಕೇಳಿದ ಆ ಮುದುಕರನ್ನು ಕಾಡುತ್ತಿದ್ದುದು ಕಲೆಯಲ್ಲ, ಈ ನೂಕುನುಗ್ಗಲಿನ ಒಂದು ಮೊಣಕೈ. ನನಗೆ ಅಳು ತಡೆಯಲಾಗಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡೆ. ರಾಜಾಜಿನಗರದವರೆಗೂ ಅವರು ನನ್ನ ಪಕ್ಕದಲ್ಲಿ ಕೈ ಅಡ್ಡ ಹಿಡಿದು ನಿಂತೇ ಇದ್ದರು.

ಸಂಜೆ ಶಾಲೆ ಬಿಟ್ಟು ಸ್ಟಾಪಿನಲ್ಲಿ ನಿಂತಿದ್ದೆ. ದೂರದಲ್ಲಿ ಬಸ್ಸು ತಿರುಗಿತು. ಅದು ಪೂರ್ತಿ ನಿಲ್ಲುವ ಮೊದಲೇ, ಒಳಗೆ ಹೆಂಗಸರ ಸೀಟಿನಿಂದ ಯಾರನ್ನೋ ಎಬ್ಬಿಸಲು ಬೈಯುತ್ತಿದ್ದ ದನಿಗಳು ನನಗೆ ಸ್ಪಷ್ಟವಾಗಿ ಕೇಳಿಸಿದವು.