ನಾಗನ ಕಟ್ಟೆಯ ಮೂರು ಕಡ್ಡಿ

ಬೊಳ್ಳಪ್ಪನ ಕೈ ದೊಡ್ಡದು. ದೇವರು ಕೊಟ್ಟ ಕೈ, ದೂರುವಂತಿಲ್ಲ. ಆ ಕೈ ಕೊಡಲಿ ಹಿಡಿದರೆ ಕಾಫಿ ತೋಟದ ಸಿಲ್ವರ್ ಮರ ಗಾಳಿಗಿಂತ ಮೊದಲೇ ಮಲಗುತ್ತಿತ್ತು. ಆದರೆ ಅದೇ ಕೈಯ ಹೆಬ್ಬೆಟ್ಟು ಮೊಬೈಲಿನ ಗಾಲ್ಫ್ ಆಟಕ್ಕೆ ಇಳಿದಂದಿನಿಂದ ಅವನ ಮನಸ್ಸು ಕಾಡುಹಂದಿ ನುಗ್ಗಿದ ಗದ್ದೆಯಂತಾಗಿತ್ತು.

ಆಟವನ್ನು ಹಾಕಿಕೊಟ್ಟದ್ದು ಅವನ ಹೋಂಸ್ಟೇಗೆ ಬಂದಿದ್ದ ಒಬ್ಬ ಅತಿಥಿ. ಅತಿಥಿ ಹೋದ, ಆಟ ಉಳಿಯಿತು. ಚೆಂಡನ್ನು ಹೆಬ್ಬೆಟ್ಟಿನಿಂದ ಹಿಂದಕ್ಕೆ ಎಳೆಯಬೇಕು, ಎಳೆದಷ್ಟೂ ಬಲ. ಮೇಲೊಂದು ಮುಳ್ಳು ತೂಗುತ್ತದೆ, ಅದು ನಡುವಿಗೆ ಬಂದಾಗ ಬಿಡಬೇಕು. ದೂರದ ಹೊಡೆತದಲ್ಲಿ ಬೊಳ್ಳಪ್ಪನನ್ನು ಮೀರಿಸುವವರಿರಲಿಲ್ಲ. ತೊಂದರೆಯೆಲ್ಲ ಗುಳಿಯ ಹತ್ತಿರ ಬಂದ ಮೇಲೆ. ಅಲ್ಲಿ ವೆಡ್ಜ್ ಎಂಬ ಕೋಲಿನಿಂದ ಚೆಂಡನ್ನು ಮೆಲ್ಲಗೆ ಎತ್ತಿ, ನಿದ್ದೆ ಹೋದ ಮಗುವನ್ನು ತೊಟ್ಟಿಲಿಗೆ ಇಡುವಂತೆ ಇಡಬೇಕು. ಬೊಳ್ಳಪ್ಪ ಎತ್ತಿದರೆ ಮಗು ತೊಟ್ಟಿಲು ದಾಟಿ, ಅಂಗಳ ದಾಟಿ, ಕೆರೆಗೆ ಬೀಳುತ್ತಿತ್ತು.

"ಈ ವಯಸ್ಸಲ್ಲಿ ಗೋಲಿ ಆಟ! ಇನ್ನೊಂದ್ಸಲ ಕಂಡ್ರೆ ಆ ಮೊಬೈಲ್ ಹಂಡೆ ಒಲೆಗೆ ಹೋದು, ನೋಡ್ಕಣಿ" ಎಂದು ಹೆಂಡತಿ ಕಮಲ ಎಚ್ಚರಿಸಿದ್ದಳು. ಕಮಲ ಹೇಳಿದ ಮೇಲೆ ಮುಗಿಯಿತು. ಹೇಗೂ ಮನೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಕಕ್ಕಬೆಯಿಂದ ಆಚೆಯ ಆ ಓಣಿಯಲ್ಲಿ ನೆಟ್‌ವರ್ಕ್ ಸಿಗುವುದು ಒಂದೇ ಕಡೆ: ಅಯ್ಯಪ್ಪ ದೇವಸ್ಥಾನದ ಅಂಗಳದಲ್ಲಿ, ಸಂಪಿಗೆ ಮರದ ಕೆಳಗಿನ ನಾಗನ ಕಟ್ಟೆಯ ಎದುರು. ಅಲ್ಲಿ ಕದಲದೆ ನಿಂತರೆ ಮೂರು ಕಡ್ಡಿ. ಹಾಗಾಗಿ ಬೊಳ್ಳಪ್ಪ ದಿನವೂ ಶಾಲು ಹೊದ್ದು, ಶಾಲಿನೊಳಗೆ ಮೊಬೈಲು ಹಿಡಿದು, ತಲೆ ತಗ್ಗಿಸಿ ನಾಗನ ಎದುರು ನಿಲ್ಲತೊಡಗಿದ.

ಈ ಭಾನುವಾರ ಮಾತ್ರ ಸಾಮಾನ್ಯ ದಿನವಾಗಿರಲಿಲ್ಲ. ಅಂದು ಮೊಬೈಲ್ ಗಾಲ್ಫ್ ಪಂದ್ಯಾವಳಿಯ ಫೈನಲ್. ವಾರದ ಹಿಂದೆಯೇ ಗೊತ್ತಾಗಿದ್ದ ಎದುರಾಳಿ ಬ್ರೆಜಿಲ್‌ನವನು. ಕಾಫಿ ಬೆಳೆಗಾರನಿಗೆ ಇದಕ್ಕಿಂತ ದೊಡ್ಡ ಧರ್ಮಯುದ್ಧ ಉಂಟೇ? ಅಲ್ಲಿ ಮಳೆ ಚೆನ್ನಾಗಿ ಬಿದ್ದರೆ ಇಲ್ಲಿ ಬೊಳ್ಳಪ್ಪನ ಕಾಫಿಗೆ ರೇಟ್ ಬೀಳುತ್ತಿತ್ತು. ವರ್ಷಗಳ ಸಿಟ್ಟನ್ನು ಒಂದೇ ಆಟದಲ್ಲಿ ತೀರಿಸಿಕೊಳ್ಳಲು ಅವನು ಬೆಳಗಿನ ಪೂಜೆಗೆ ಮೊದಲೇ ಬಂದು ಅಭ್ಯಾಸಕ್ಕೆ ನಿಂತ. ಮೊದಲ ಚೆಂಡೇ ಕೆರೆಗೆ ಹೋಯಿತು.

"ಅಯ್ಯೋ ದೇವರೇ, ಪುನಃ ಹೀಂಗಾತಲ್ಲ! ಈ ಕೈಗೆ ಒಂಚೂರು ಸಮಾಧಾನ ಕೊಡಪ್ಪಾ!" ಎಂದು ಬಾಯಿಬಿಟ್ಟೇ ಹೇಳಿಬಿಟ್ಟ.

ಹಿಂದೆ ಹೂ ಕೊಯ್ಯುತ್ತಿದ್ದ ಪಕ್ಕದ ಮನೆಯ ರಾಮಮ್ಮ ಅದನ್ನು ಕೇಳಿಸಿಕೊಂಡಳು. ಅವಳ ಕಿವಿಗೆ ಬಿದ್ದದ್ದು ಊರಿಗೆ ಬಿದ್ದಂತೆ. ಓಡಿದವಳು ದೇವಸ್ಥಾನದ ಅಡುಗೆಮನೆಗೆ ಬಂದು ನಿಂತಳು. ಅಲ್ಲಿ ಕಮಲ ಪಾಯಸದ ಅಕ್ಕಿ ಆರಿಸುತ್ತಿದ್ದಳು, ಸಮಿತಿಯ ಕಾರ್ಯದರ್ಶಿ ಜಯಪ್ಪ ಕಾಫಿ ಕುಡಿಯುತ್ತಿದ್ದ.

"ಕಮಲಕ್ಕಾ, ನಿಮ್ಮವ್ರು ದೇವರ ಹತ್ರ ಕೇಳ್ದದ್ ಎಂತ ಗೊತ್ತುಟ್ಟಾ? ದುಡ್ಡಲ್ಲ, ಬೆಳೆಯಲ್ಲ. ಸಮಾಧಾನ! ಶಾಲಿನೊಳಗೆ ಹೆಬ್ಬೆಟ್ಟು ಹೀಂಗೆ ಹೀಂಗೆ ಹೋಗ್ತಿತ್ತು. ಜಪ ಎಣಿಸ್ತೊಳೊ ಏನೋ! ಎದೆ ಹತ್ರ ಒಂದು ಬೆಳಕು ಬೇರೆ ಕಂಡತ್ ಮಾರ್ರೆ, ನೀಲಿ ಬೆಳಕು!"

"ತೇಜಸ್ಸು!" ಎಂದ ಜಯಪ್ಪ, ಲೋಟ ಕೆಳಗಿಟ್ಟು.

ಕಮಲ ಅಕ್ಕಿಯಿಂದ ಒಂದು ಕಲ್ಲನ್ನು ಆರಿಸಿ, ಸದ್ದಾಗದಂತೆ ಹೊರಗಿಟ್ಟಳು.

ಅತ್ತ ಬೊಳ್ಳಪ್ಪನಿಗೆ ಸಾಕ್ಷಾತ್ಕಾರವೇ ಆಗುತ್ತಿತ್ತು. ಪೂಜೆ ಮುಗಿಸಿದ ಭಟ್ಟರು ತೀರ್ಥ ಕೊಡಲು ಬಂದರು. ಚಾಚಿದ ಅಂಗೈಗೆ ಅವರು ಉದ್ಧರಣೆ ಬಗ್ಗಿಸಿದ ರೀತಿ ನೋಡಿ ಅವನ ಕಣ್ಣು ಅಲ್ಲೇ ನಿಂತಿತು. ತೋಳು ಅಲ್ಲಾಡಲಿಲ್ಲ. ಅವಸರ ಇಲ್ಲ, ಅಂಜಿಕೆಯೂ ಇಲ್ಲ. ಮಣಿಕಟ್ಟು ಇಷ್ಟೇ ಬಾಗಿತು, ತೀರ್ಥ ಅಂಗೈಯ ಗುಳಿಗೆ ಬಂದು ಕೂತಿತು. ಒಂದು ಹನಿ ಹೊರಗೆ ಚೆಲ್ಲಲಿಲ್ಲ.

"ಭಟ್ರೇ, ಇನ್ನೊಮ್ಮೆ ಕೊಡಿ."

ಭಟ್ಟರು ಕೊಟ್ಟರು.

"ಮತ್ತೊಂದ್ಸಲ. ಸ್ವಲ್ಪ ನಿಧಾನ ಕೊಡಿ."

"ಬೊಳ್ಳಪ್ಪನವರೇ, ಇದು ತೀರ್ಥ. ಬಾಯಾರಿಕೆ ಆದ್ರೆ ಬಾವಿ ಉಂಟು" ಎಂದರು ಭಟ್ಟರು. ಆದರೂ ಕೊಟ್ಟರು. ಇಷ್ಟು ಶ್ರದ್ಧೆಯಿಂದ ತಮ್ಮ ಕೈಯನ್ನು ಯಾರೂ ನೋಡಿರಲಿಲ್ಲ.

ಆಟ ಶುರುವಾಯಿತು. ಬೊಳ್ಳಪ್ಪ ವೆಡ್ಜ್ ಹಿಡಿದಾಗಲೆಲ್ಲ ಭಟ್ಟರ ಮಣಿಕಟ್ಟನ್ನು ನೆನೆದ. ಹೆಬ್ಬೆಟ್ಟು ಪೂರ್ತಿ ಎಳೆಯದೆ ಅರ್ಧಕ್ಕೇ ನಿಂತಿತು. ಗಾಳಿ ಎಡಕ್ಕಿದ್ದರೆ ಗುರಿ ಕೂದಲಷ್ಟು ಬಲಕ್ಕೆ. ಚೆಂಡು ಎದ್ದಿತು, ಇಳಿಯಿತು, ಬಾವುಟದ ಪಕ್ಕ ಹಸುವಿನಂತೆ ಮಲಗಿತು. ಬ್ರೆಜಿಲ್‌ನವನು ಬೆವರತೊಡಗಿರಬೇಕು. ಕೊನೆಯ ಗುಳಿಯವರೆಗೂ ಸಮಸಮ. ಬ್ರೆಜಿಲ್‌ನವನ ಆಟ ಮುಗಿದು ಬೊಳ್ಳಪ್ಪನದು ಒಂದೇ ಹೊಡೆತ ಉಳಿಯಿತು. ಚೆಂಡು ಗುಳಿಗೆ ಬಿದ್ದರೆ ಗೆಲುವು.

ತನ್ನ ಬೆನ್ನ ಹಿಂದೆ ಊರೇ ಬಂದು ನಿಂತಿದೆಯೆಂದು ಅವನಿಗೆ ಹೇಗೆ ಗೊತ್ತಾಗಬೇಕು? ಅಂದೇ ದೇವಸ್ಥಾನ ಸಮಿತಿಯ ಸಭೆ. ಪಾಯಸಕ್ಕೆ ಬೆಲ್ಲವೋ ಸಕ್ಕರೆಯೋ ಎಂದು ಮೇಲೋಣಿ ಕೆಳಗೋಣಿಯವರು ಜಗಳಾಡಿ ಹಳೇ ಅಧ್ಯಕ್ಷರು ರಾಜೀನಾಮೆ ಕೊಟ್ಟಿದ್ದರು. ಆ ಕುರ್ಚಿಯ ಹೆಸರೆತ್ತಿದರೆ ಎಲ್ಲರಿಗೂ ತೋಟದ ಕೆಲಸ ನೆನಪಾಗುತ್ತಿತ್ತು.

"ಶ್, ಧ್ಯಾನ ಮುಗೀಲಿ" ಎಂದಳು ರಾಮಮ್ಮ.

ಬೊಳ್ಳಪ್ಪ ಉಸಿರು ಹಿಡಿದ. ಹೆಬ್ಬೆಟ್ಟು ಮೆಲ್ಲಗೆ ಎಳೆದ. ಮುಳ್ಳು ತೂಗಿತು, ನಡುವಿಗೆ ಬಂತು. ಬಿಟ್ಟ. ಚೆಂಡು ಆಕಾಶಕ್ಕೆ ಎದ್ದಿತು. ಅದೇ ಗಳಿಗೆಯಲ್ಲಿ ಸೇವಂತಿಗೆಯ ದೊಡ್ಡದೊಂದು ಹಾರ ಅವನ ತಲೆಯ ಮೇಲಿಂದ ಇಳಿದು ಕಣ್ಣು ಮುಚ್ಚಿತು.

"ನಮ್ಮ ಹೊಸ ಅಧ್ಯಕ್ಷರಿಗೆ..." ಎಂದು ಜಯಪ್ಪ ಕೂಗಿದ.

"ಜೈ!"

"ಎಂತ? ಯಾರು? ಒಂದು ನಿಮಿಷ ನಿಲ್ಲಿ, ಭಾವ, ಒಂದೇ ನಿಮಿಷ!"

"ನೋಡಿ, ಪದವಿ ಅಂದ್ರೆ ಓಡಿ ಹೋಗ್ತೊಳೊ. ಇಂಥವ್ರೇ ಬೇಕು!" ಎಂದು ಜಯಪ್ಪ ಅವನ ರಟ್ಟೆ ಹಿಡಿದ. ಮೇಲೋಣಿಯವರು ಒಂದು ಕಡೆ, ಕೆಳಗೋಣಿಯವರು ಇನ್ನೊಂದು ಕಡೆ ಹಿಡಿದು, ವರ್ಷದಲ್ಲಿ ಮೊದಲ ಸಲ ಒಟ್ಟಾಗಿ, ಅವನನ್ನು ಸಭೆಗೆ ನಡೆಸಿದರು. ಶಾಲಿನೊಳಗೆ ಮೊಬೈಲು ಒಮ್ಮೆ ನಡುಗಿತು. ಬಿತ್ತೋ? ತಪ್ಪಿತೋ? ನೋಡಲು ಒಂದು ಕೈಯಾದರೂ ಬಿಡುವಿರಬೇಕಲ್ಲ.

ಸಭೆ ಬೇಗ ಮುಗಿಯಿತು. ಅಧ್ಯಕ್ಷರಾಗಿ ಬೊಳ್ಳಪ್ಪ, ಅವಿರೋಧ. ಎರಡನೆಯ ನಿರ್ಣಯ: ದೇವಸ್ಥಾನದ ಅಂಗಳದಲ್ಲಿ ಇಂದಿನಿಂದ ಮೊಬೈಲ್ ನಿಷೇಧ, ಬಾಗಿಲಲ್ಲೇ ಬುಟ್ಟಿಗೆ ಹಾಕಿ ಒಳಗೆ ಬರುವುದು.

"ಇದು ಯಾರ ತಲೆಯಿಂದ ಬಂದದ್ದು?" ಎಂದು ಬೊಳ್ಳಪ್ಪ ಕೇಳಿದ.

"ಎರಡು ನಿರ್ಣಯವೂ ಕಮಲಕ್ಕಂದೇ" ಎಂದ ಜಯಪ್ಪ. "ನೀವು ಧ್ಯಾನಕ್ಕೆ ನಿಲ್ಲುವಾಗ ಯಾರ ಮೊಬೈಲೂ ತೊಂದರೆ ಮಾಡ್ಬಾರ್ದು ಅಂತ. ಪುಣ್ಯವಂತರು ನೀವು!"

ಕಮಲ ಬುಟ್ಟಿ ಹಿಡಿದು ಆಗಲೇ ಎದುರು ನಿಂತಿದ್ದಳು. "ಅಧ್ಯಕ್ಷರದ್ದು ಮೊದಲು" ಎಂದಳು, ಎಲ್ಲರಿಗೂ ಕೇಳುವಂತೆ.

"ಕಮಲ, ಒಂದ್ಸಲ ನೋಡಿ ಕೊಡ್ತೆ. ಒಂದೇ ಒಂದ್ಸಲ."

ಅವಳು ಹತ್ತಿರ ಬಂದು, ಅವನಿಗೆ ಮಾತ್ರ ಕೇಳುವಂತೆ, "ಬ್ರೆಜಿಲ್‌ನಂವ ಕಾಯ್ಲಿ. ನಿದ್ದೇಲಿ ದಿನಾ ಅವಂಗೆ ಬೈದದ್ ಸಾಕಾತ್ಲೆ?" ಎಂದಳು.

ಬೊಳ್ಳಪ್ಪ ಲೆಕ್ಕ ಹಾಕಿದ. ಮೊಬೈಲು ಸಂಜೆ ಮನೆಗೆ ಬರುತ್ತದೆ, ನಿಜ. ಆದರೆ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ನೆಟ್‌ವರ್ಕ್ ಇರುವಲ್ಲಿ ಇನ್ನು ಮೊಬೈಲು ಇಲ್ಲ. ಅಲ್ಲಿ ನಿಷೇಧದ ಬೋರ್ಡು ಹೊಡೆಯಬೇಕಾದವನು ಅಧ್ಯಕ್ಷ, ಅಂದರೆ ತಾನೇ.

ಕಮಲ ಎರಡೇ ಬೆರಳಲ್ಲಿ ಮೊಬೈಲನ್ನು ಶಾಲಿನೊಳಗಿಂದ ಮೆಲ್ಲಗೆ ಎತ್ತಿದಳು. ತೋಳು ಅಲ್ಲಾಡಲಿಲ್ಲ. ಅವಸರ ಇಲ್ಲ, ಅಂಜಿಕೆಯೂ ಇಲ್ಲ. ಮಣಿಕಟ್ಟು ಇಷ್ಟೇ ಬಾಗಿತು, ಮೊಬೈಲು ಬುಟ್ಟಿಯ ನಟ್ಟನಡುವೆ ಹೋಗಿ ಕೂತಿತು. ಒಂದು ಸದ್ದಿಲ್ಲ.

ಅಷ್ಟು ದುಃಖದಲ್ಲೂ ಬೊಳ್ಳಪ್ಪ ತಲೆದೂಗಿದ. ವೆಡ್ಜ್ ಅಂದರೆ ಅದು.