ಅತ್ತೆ ಆಕಾಶದಲ್ಲಿ, ಅಳಿಯ ಜಗಲಿಯಲ್ಲಿ

ನಂಜನಗೂಡಿನ ತಮ್ಮ ಸ್ವಂತ ಮನೆಯ ಜಗಲಿಯ ಮೇಲೆ, ವರ್ಷವರ್ಷ ಕಂದಾಯ ಕಟ್ಟುವ ಯಜಮಾನ ಸಿದ್ದಮಲ್ಲಪ್ಪನವರು ಒಳಗೆ ಹೋಗಲು ಅಪ್ಪಣೆಯಿಲ್ಲದೆ ಕೂತಿದ್ದರು. ಹೆಂಡತಿ ಗುರುಬಸಮ್ಮನವರಿಗೆ ಹೇಳದೆ ಕ್ಷೌರ ಮಾಡಿಸಿಕೊಂಡು ಬಂದದ್ದೇ ತಪ್ಪು. (ಹೇಳಿದ್ದರೆ ಬಿಡುತ್ತಿರಲಿಲ್ಲ, ಅದಕ್ಕೇ ಹೇಳಿರಲಿಲ್ಲ.)

ಕ್ಷೌರವಾದವರು ತಲೆಗೆ ನೀರು ಹಾಕಿಕೊಳ್ಳದೆ ಹೊಸಿಲು ದಾಟುವಂತಿಲ್ಲ. ಮನೆಯವರು ಯಾರಾದರೂ ಪ್ರಯಾಣದಲ್ಲಿದ್ದರೆ, ಅವರು ತಲುಪುವ ತನಕ ಉಳಿದವರು ತಲೆಗೆ ನೀರು ಹಾಕಿಕೊಳ್ಳುವಂತಿಲ್ಲ. ಗುರುಬಸಮ್ಮನವರ ಸಂವಿಧಾನದಲ್ಲಿ ಎರಡೂ ತಿದ್ದುಪಡಿಯಿಲ್ಲದ ಕಲಮುಗಳು. ಅವರ ತಾಯಿ ಚನ್ನಾಜಮ್ಮ ಕೈಲಾಸ ಯಾತ್ರೆಗೆ ಹೋಗಿದ್ದರು. ಅವತ್ತು ಬೆಳಿಗ್ಗೆ ಒಂಬತ್ತಕ್ಕೆ ನೇಪಾಳದ ನೇಪಾಳಗಂಜಿನಿಂದ ಬೆಟ್ಟದ ಮೇಲಿನ ಸಿಮಿಕೋಟಿಗೆ ಪುಟ್ಟ ವಿಮಾನದಲ್ಲಿ ಹಾರಬೇಕಿತ್ತು.

ಇತ್ತ ಸಿದ್ದಮಲ್ಲಪ್ಪನವರು ಹನ್ನೊಂದರ ಬಸ್ಸಿಗೆ ನರಸೀಪುರಕ್ಕೆ ಹೊರಡಲೇಬೇಕು. ಮಗಳು ಚೈತ್ರಳನ್ನು ಸೊಸೆಯಾಗಿ ಒಪ್ಪಿದ್ದ ಶಂಭುಲಿಂಗಪ್ಪನವರು ಮಾತುಕತೆಗೆ ಕರೆದಿದ್ದರು. ಮಧ್ಯಾಹ್ನ ದಾಟಿದರೆ ಅವರು ಊರಲ್ಲಿರುವುದಿಲ್ಲ. ಕತ್ತಿನ ತುಂಬ ಕೂದಲು ಚುಚ್ಚಿಸಿಕೊಂಡು, ಕೆರೆಯುತ್ತಾ ಬೀಗರ ಮುಂದೆ ಕೂರುವುದುಂಟೇ?

"ಆ ಪದ್ಧತಿ ಬಸ್ಸಲ್ಲಿ ಹೋಗೋರಿಗೆ ಕಣೇ," ಎಂದು ವಾದ ಹೂಡಿದರು.

"ನೆಲದ ಮೇಲೆ ಓಡೋ ಬಸ್ಸಿಗೇ ಇಷ್ಟು ನೇಮ ಇದ್ರೆ, ಗಾಳೀಲಿ ಹೋಗೋದಕ್ಕೆ ಎಷ್ಟಿರ್ಬೇಕು ರೀ?" ಗುರುಬಸಮ್ಮನವರು ಶಾಂತವಾಗಿ ಕೇಳಿ ಒಳಗೆ ಹೋದರು.

ಸಿದ್ದಮಲ್ಲಪ್ಪನವರು ಭೂಗೋಳಶಾಸ್ತ್ರಕ್ಕೆ ಶರಣಾದರು. ಚೈತ್ರಳ ಹಳೇ ಅಟ್ಲಾಸು, ಹೂ ಕಟ್ಟುವ ದಾರ ಜಗಲಿಗೆ ಬಂದವು. ಎರಡು ಊರುಗಳ ನಡುವೆ ದಾರ ಹಿಡಿದರೆ ಒಂದು ಬೆರಳಗಲ. ಅದನ್ನು ಪುಟದ ಮೂಲೆಯ ಕಿಲೋಮೀಟರು ಅಳತೆಗೋಲಿನ ಮೇಲಿಟ್ಟು ನೋಡಿ ಮುಖ ಅರಳಿಸಿದರು.

"ಇಪ್ಪತ್ತೈದು ಕಿಲೋಮೀಟರು ಕಣೇ. ಇಲ್ಲಿಂದ ನರಸೀಪುರಕ್ಕೆ ಹೋದಂಗೆ. ವಿಮಾನಕ್ಕೆ ಐದು ನಿಮಿಷ. ನಿಮ್ಮವ್ವ ಆಗ್ಲೇ ಇಳಿದಾಯ್ತು, ನೀರು ಕಾಯ್ಸು."

ಚೈತ್ರ ಬಗ್ಗಿ ನೋಡಿದಳು. "ಅಪ್ಪಾಜಿ, ದಾರ ಹಿಡಿದಿದ್ದು ಇಂಡಿಯಾ ಮ್ಯಾಪಲ್ಲಿ. ಅಳೆದಿದ್ದು ಮೈಸೂರು ಜಿಲ್ಲೆ ಪುಟದಲ್ಲಿ."

ಲೆಕ್ಕ ತಿದ್ದಿದಾಗ ಇನ್ನೂರು ಚಿಲ್ಲರೆ ಕಿಲೋಮೀಟರಾಯಿತು, ಐದು ನಿಮಿಷ ಹೋಗಿ ಮುಕ್ಕಾಲು ಗಂಟೆಯಾಯಿತು. ಗುರುಬಸಮ್ಮನವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಬೆಟ್ಟದ ಗಾಳಿಯ ಬಾಬ್ತು ಐದು ನಿಮಿಷ ಸೇರಿಸಿ, ಮಂಜೂರು ಮಾಡಿದರು.

ಒಂಬತ್ತು ಐವತ್ತಕ್ಕೆ ಸರಿಯಾಗಿ ಸಿದ್ದಮಲ್ಲಪ್ಪನವರು ಮನೆಯನ್ನು ಬಳಸಿಕೊಂಡು ಹಿತ್ತಲಿನ ಬಚ್ಚಲಿಗೆ ನುಗ್ಗಿದರು. ಹಂಡೆಯ ನೀರನ್ನು ಚೊಂಬಿಗೆ ತುಂಬಿ ತಲೆಯ ಹತ್ತಿರ ತಂದಿದ್ದರಷ್ಟೆ. ಒಳಗೆ ಫೋನು ಬಡಿದುಕೊಂಡಿತು. ಚನ್ನಾಜಮ್ಮನವರೇ.

ಮೋಡ ಕವಿದು ವಿಮಾನ ಇನ್ನೂ ಹೊರಟೇ ಇಲ್ಲವಂತೆ. ಅವರು ನೇಪಾಳಗಂಜಿನಲ್ಲೇ ತಲೆಸ್ನಾನ ಮುಗಿಸಿ, ಪೂಜೆ ಮಾಡಿ, ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು ಹರಟುತ್ತಿದ್ದಾರಂತೆ.

"ಹಂಗಾದ್ರೆ ಪ್ರಯಾಣದಲ್ಲೇ ಇಲ್ವಲ್ಲ," ಎಂದು ಬಚ್ಚಲಿನಿಂದ ವಿಜಯಧ್ವನಿ ಕೇಳಿತು. "ಕೂತಿರೋರಿಗೆ ಯಾವ ನೇಮ?"

"ಅದೂ ನಿಜವೇ," ಎಂದರು ಗುರುಬಸಮ್ಮ ಅಡುಗೆಮನೆಯ ಕಿಟಕಿಗೆ ಬಂದು. "ಇಷ್ಟೊತ್ತೂ ಧಾರಾಳವಾಗಿ ಹಾಕ್ಕೋಬೌದಾಗಿತ್ತು. ಈಗ ಮೋಡ ಸರೀತಂತೆ. ಹತ್ತಿ ಅಂತ ಕರೆದ್ರು, ಅವ್ವ ಹೊರಟ್ರು. ಚೊಂಬು ಕೆಳಗಿಡಿ."

ಅಳಿಯನಾಗಿ ಇಪ್ಪತ್ತೆರಡು ವರ್ಷವಾಗಿತ್ತು. ಸಿದ್ದಮಲ್ಲಪ್ಪನವರು ಅತ್ತೆಯ ಕ್ಷೇಮಕ್ಕೆಂದು ಒಮ್ಮೆಯೂ ಹರಕೆ ಹೊತ್ತವರಲ್ಲ. ಅವತ್ತು ಮತ್ತೆ ಜಗಲಿಗೆ ಬಂದು, ಗುಡಿಯ ಗೋಪುರದ ಕಡೆ ತಿರುಗಿ, ಕೂದಲು ಚುಚ್ಚುವ ಕತ್ತನ್ನು ಬಾಗಿಸಿ, ಗಡಿಯಾರ ನೋಡುತ್ತಲೇ ಕೈಮುಗಿದರು: ಆ ತಾಯಿಗೆ ಎದುರುಗಾಳಿ ಬೀಸದಿರಲಿ.